ರೈಟರಿಗೆ ಡಿಲೀಟ್ ಬಟನ್ ಬೇಡವಂತೆ: ಒಂದು ತೋಟದ ಸಿಸಿ ಕ್ಯಾಮೆರಾ ಕೆಲಸದ ದಿನಚರಿ

ಏಪ್ರಿಲ್ ಮೊದಲ ವಾರ. ಕೊಡಗಿನ ಸಿದ್ದಾಪುರದಿಂದ ಪಾಲಿಬೆಟ್ಟದ ಕಡೆ ಹೋಗುವ ದಾರಿಯಲ್ಲಿ ನಮಗೆ ದೂರದ ನಂಟಿನವರದ್ದೊಂದು ತೋಟ ಉಂಟು. ರೊಬಸ್ಟಾ ಕಾಫಿ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸು. ತೋಟದ ಯಜಮಾನರನ್ನು ನಾನು ಮಾವ ಎನ್ನುತ್ತೇನೆ. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಗೋಡೌನಿಂದ ಮೂರು ಮೂಟೆ ಮೆಣಸು ಹೋಗಿದೆ. ಕ್ಯಾಮೆರಾ ರೆಕಾರ್ಡಿಂಗನ್ನು ಯಾರೋ ಅಳಿಸಿದ್ದಾರೆ. ನೀನು ಬಂದು ನೋಡು."

'ಯಾರೋ' ಎಂದಾಗ ಅವರ ಮನಸ್ಸಿನಲ್ಲಿ ಯಾರಿದ್ದರು ಎಂಬುದು ಅಲ್ಲಿಗೆ ಹೋದ ಹತ್ತು ನಿಮಿಷದಲ್ಲೇ ಗೊತ್ತಾಯಿತು. ರೈಟರ್ ಆಫೀಸಿನ ಮೂಲೆಯಲ್ಲಿ ಚೆಕ್‌ರೋಲ್ (ಕೂಲಿಯವರ ಹಾಜರಿ) ಪುಸ್ತಕ ತೆರೆದು ತಲೆ ಬಗ್ಗಿಸಿ ಕೂತಿದ್ದರು. ಇಪ್ಪತ್ತು ವರ್ಷದಿಂದ ಅದೇ ತೋಟದಲ್ಲಿ ಲೆಕ್ಕ ಬರೆಯುವವರು. ನಾನು ಹೋದರೆ ಮೊದಲು ಕಾಫಿ ತರಿಸಿ ಆಮೇಲೆ ಮಾತಾಡುವ ಮನುಷ್ಯ ಅಂದು ತಲೆ ಎತ್ತಲಿಲ್ಲ.

ಹಳೆಯ ರೆಕಾರ್ಡರ್ ಟಿವಿಯ ಕೆಳಗಿನ ಕಪಾಟಿನಲ್ಲಿತ್ತು. ಅದರ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ನಿನಲ್ಲಿ ಬರೆದಿತ್ತು. ಮಾವನ ಫೋನು, ಬೆಂಗಳೂರಿನಲ್ಲಿರುವ ಮಗಳ ಫೋನು, ರೈಟರ್, ಮೇಸ್ತ್ರಿ, ವಾಚರ್, ಎಲ್ಲರಿಗೂ ಒಂದೇ 'ಅಡ್ಮಿನ್', ಅಂದರೆ ಎಲ್ಲ ಅಧಿಕಾರವೂ ಇರುವ ಖಾತೆ. ಕ್ಯಾಮೆರಾ ಹಾಕಿ ಹೋದವರು ಹಾಗೆ ಮಾಡಿಕೊಟ್ಟಿದ್ದರು. ಬೇರೆ ಬೇರೆ ಬಳಕೆದಾರರನ್ನು ಸೇರಿಸುವ ಮೆನು ಆ ಡಬ್ಬಿಯಲ್ಲೂ ಇತ್ತು, ಯಾರೂ ತೆರೆದಿರಲಿಲ್ಲ.

ಸಂಗತಿ ಹೀಗೆ. ಮಾರ್ಚ್ 27ರ ಸಂಜೆ ಮೂಟೆ ಎಣಿಸಿದಾಗ ಲೆಕ್ಕ ಸರಿ ಇತ್ತು. ಏಪ್ರಿಲ್ 1ರಂದು ಮೂರು ಕಡಿಮೆ. ರೆಕಾರ್ಡರಿನ ಕ್ಯಾಲೆಂಡರಿನಲ್ಲಿ 28, 29, 30 ಪೂರ್ತಿ ಖಾಲಿ. 31ರ ಬೆಳಗಿನ ತನಕವೂ ಏನೂ ಇಲ್ಲ. ಲಾಗ್ ತೆರೆದರೆ 31ನೇ ತಾರೀಖು ಒಂದು ಸಾಲು: ಅಡ್ಮಿನ್, ಸಮಯ ಬದಲಾವಣೆ. ಮಾವ ಅದನ್ನು ಮೊದಲೇ ನೋಡಿದ್ದರು. ಆ ಹೊತ್ತಿಗೆ ಆಫೀಸಿನಲ್ಲಿದ್ದದ್ದು ರೈಟರ್ ಒಬ್ಬರೇ.

"ಹೌದು, ನಾನೇ ಮಾಡಿದ್ದು" ಎಂದರು ರೈಟರ್. "ಟಿವಿಯಲ್ಲಿ ಗಂಟೆ ತಪ್ಪು ತೋರಿಸ್ತಿತ್ತು, ಸರಿ ಮಾಡಿದೆ. ಬೇರೇನೂ ಮುಟ್ಟಿಲ್ಲ."

ಎಷ್ಟು ತಪ್ಪು ತೋರಿಸುತ್ತಿತ್ತು ಎಂದು ಕೇಳಿದೆ. ಇಸವಿಯೇ 2000 ಅಂತಿತ್ತಂತೆ.

ಆಗ ಹೊಳೆಯಿತು. ರೆಕಾರ್ಡರಿನ ಹುಡುಕುವ ಕ್ಯಾಲೆಂಡರನ್ನು ಹಿಂದೆ ಹಿಂದೆ ಒತ್ತುತ್ತಾ 2000ದ ಜನವರಿಗೆ ಹೋದೆ. 1ರಿಂದ 4ರವರೆಗೆ ನಾಲ್ಕು ನೀಲಿ ಚುಕ್ಕೆ! ಹೋದ ರೆಕಾರ್ಡಿಂಗ್ ಅಲ್ಲೇ ಕೂತಿತ್ತು. ಡಬ್ಬಿಯೊಳಗಿನ ಗುಂಡಿ ಸೆಲ್ ಸತ್ತಿತ್ತು. ಯುಪಿಎಸ್ ಬ್ಯಾಟರಿಯ ಕತೆಯೂ ಅಷ್ಟೇ. ಕರೆಂಟ್ ಹೋಗಿ ಬಂದಾಗ ಗಡಿಯಾರ ತನ್ನ ಹುಟ್ಟಿದ ದಿನಕ್ಕೆ ಮರಳಿ ಅಲ್ಲಿಂದ ಎಣಿಸಲು ಶುರುಮಾಡಿತ್ತು. ಇಂಟರ್‌ನೆಟ್‌ನಿಂದ ಸಮಯ ತೆಗೆದುಕೊಳ್ಳುವ ಆಯ್ಕೆಯನ್ನು ಯಾರೂ ಆನ್ ಮಾಡಿರಲಿಲ್ಲ.

ಈಗ ಜನವರಿ 1ರ ಸೊನ್ನೆ ಗಂಟೆ ಎಂದರೆ ನಿಜದಲ್ಲಿ ಯಾವ ಹೊತ್ತು? ಇದಕ್ಕೆ ಉತ್ತರ ಕೊಟ್ಟದ್ದೂ ರೈಟರೇ. ಹೂ ಅರಳಿಸಲು ಸ್ಪ್ರಿಂಕ್ಲರ್ ಓಡಿಸುವ ಕಾಲವಾದ್ದರಿಂದ ಪಂಪ್‌ಸೆಟ್ ಪುಸ್ತಕದಲ್ಲಿ ಕರೆಂಟ್ ಹೋದ ಬಂದ ಹೊತ್ತನ್ನೆಲ್ಲ ಬರೆದಿಟ್ಟಿದ್ದರು. 27ರ ರಾತ್ರಿ 11:40ಕ್ಕೆ ಕರೆಂಟ್ ಬಂದದ್ದು. ಅಂದರೆ ರೆಕಾರ್ಡರಿನ ಗಂಟೆಯಿಂದ ಇಪ್ಪತ್ತು ನಿಮಿಷ ಕಳೆದರೆ ನಿಜವಾದ ಗಂಟೆ. ನಾಯಿ ಬೊಗಳಿದ್ದು 28ರ ಬೆಳಗಿನ ಜಾವ ಎರಡಕ್ಕೆ ಎಂದು ವಾಚರ್ ಹೇಳಿದ್ದ. ರೆಕಾರ್ಡಿಂಗಿನಲ್ಲಿ 02:20ಕ್ಕೆ ಹೋಗಿ ನೋಡಿದೆವು, ಮಾವ, ಅತ್ತೆ, ನಾನು, ಹಿಂದೆ ನಿಂತು ರೈಟರ್.

ಗೋಡೌನ್ ಬಾಗಿಲಿನ ಕ್ಯಾಮೆರಾದ ಮುಂದೆ ಜೇಡ ಬಲೆ ಕಟ್ಟಿತ್ತು. ಇನ್‌ಫ್ರಾರೆಡ್ ಬೆಳಕಿಗೆ ಬಲೆ ಟ್ಯೂಬ್‌ಲೈಟಿನ ಹಾಗೆ ಹೊಳೆದು ಪರದೆ ಪೂರ್ತಿ ಬಿಳಿ. ಅದರ ಹಿಂದೆ ಯಾರಾದರೂ ಮೂಟೆ ಹೊತ್ತಿದ್ದರೂ, ಮದುವೆ ದಿಬ್ಬಣವೇ ಹೋಗಿದ್ದರೂ ಕಾಣುತ್ತಿರಲಿಲ್ಲ. ಮೆಣಸು ಹೋಯಿತು, ಹೋದದ್ದೇ. ರೆಕಾರ್ಡಿಂಗನ್ನು ಯಾರೂ ಅಳಿಸಿಲ್ಲ ಎಂಬುದಂತೂ ಕಣ್ಣಿಗೆ ಕಂಡಿತು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ಬಿಚ್ಚಿ ಹೊಸದಾಗಿ ಮಾಡು" ಎಂದರು. ರೈಟರ್ ನನ್ನನ್ನು ಹೊರಗೆ ಜಗಲಿಗೆ ಕರೆದರು. "ಒಂದು ಕೇಳ್ತೇನೆ. ಹೊಸದರಲ್ಲಿ ಅಳಿಸೋ ಬಟನ್ ನನಗೆ ಕೊಡಬೇಡಿ. ಕೇಳಿದ್ರೂ ಕೊಡಬೇಡಿ."

ಇಷ್ಟು ವರ್ಷದಲ್ಲಿ ಪರ್ಮಿಷನ್ ಬೇಡ ಎಂದು ಕೇಳಿದ ಮೊದಲ ಬಳಕೆದಾರ ಅವರು. ಇಡೀ ಕೆಲಸವನ್ನು ಆ ಮಾತಿನಿಂದಲೇ ಶುರುಮಾಡಿದೆ.

ಮೊದಲ ಎರಡು ದಿನ: ತಂತಿ, ಕಂಬ

ಈ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಒಟ್ಟು ಏಳು ಕ್ಯಾಮೆರಾ: ಗೇಟು, ಆಫೀಸ್ ಜಗಲಿ, ಗೋಡೌನ್ ಬಾಗಿಲು, ಕಣದ ಮೇಲೆ ತಿರುಗುವ ಕ್ಯಾಮೆರಾ ಒಂದು, ತೂಕದ ಜಾಗ, ಕೆರೆಯ ಪಂಪ್‌ಹೌಸ್, ಮತ್ತೆ ಲೈನ್ ಮನೆಗಳ (ಕೂಲಿಯವರ ಸಾಲು ಮನೆ) ನಲ್ಲಿಯ ಹತ್ತಿರ ಒಂದು. ಕೊನೆಯದರ ಬಗ್ಗೆ ಆಮೇಲೆ.

ಕಣದ ಕ್ಯಾಮೆರಾ ದಿನಾ ಸಂಜೆ ಆರೂವರೆ ಸುಮಾರಿಗೆ ತಾನೇ ಆಫ್ ಆಗಿ ಆನ್ ಆಗುತ್ತದೆ, ರಾತ್ರಿಯಿಡೀ ಹಾಗೆಯೇ ಎಂದು ದೂರು. ದೆವ್ವದ ಕಾಟವೇನಲ್ಲ. ಆಫೀಸಿನಿಂದ ಕಣದ ಕಂಬಕ್ಕೆ ಅಳೆದರೆ 140 ಮೀಟರ್. ಈಥರ್ನೆಟ್ ತಂತಿಗೆ ಮಿತಿ 100 ಮೀಟರ್. ಹಗಲು ಹೇಗೋ ನಡೆಯುತ್ತದೆ. ಕತ್ತಲಾಗಿ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡಾಗ ಕ್ಯಾಮೆರಾ ಹೆಚ್ಚು ಕರೆಂಟ್ ಎಳೆಯುತ್ತದೆ, ಉದ್ದದ ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಸಾಯುತ್ತದೆ, ಮತ್ತೆ ಹುಟ್ಟುತ್ತದೆ. ಅಲ್ಲಿಗೆ ಫೈಬರ್ ಎಳೆದು ಕಂಬದ ಬುಡದಲ್ಲಿ ಮೀಡಿಯಾ ಕನ್ವರ್ಟರ್ (ಫೈಬರಿನಿಂದ ತಂತಿಗೆ ಬದಲಿಸುವ ಡಬ್ಬಿ) ಮತ್ತು ನೆಟ್‌ವರ್ಕ್ ತಂತಿಯಲ್ಲೇ ಕ್ಯಾಮೆರಾಕ್ಕೆ ಕರೆಂಟ್ ಕೊಡುವ ಸಣ್ಣ ಪಿಒಇ ಸ್ವಿಚ್ ಇಟ್ಟೆ. ಇನ್ನೊಂದು ಲಾಭವೂ ಉಂಟು: ಫೈಬರ್ ಗಾಜು, ಅದರಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ. ಏಪ್ರಿಲ್ ತಿಂಗಳ ಗುಡುಗಿಗೆ ಕೊಡಗಿನಲ್ಲಿ ಎಷ್ಟು ಮೋಡೆಮ್ ಸುಡುತ್ತವೆ ಎಂದು ನನ್ನ ಗೋಣಿಕೊಪ್ಪದ ಅಂಗಡಿಯ ಮೂಲೆಯ ರಾಶಿ ನೋಡಿದರೆ ಗೊತ್ತಾಗುತ್ತದೆ. ಸತ್ತ ಯುಪಿಎಸ್ ಬ್ಯಾಟರಿಯನ್ನೂ ಬದಲಾಯಿಸಿದೆ.

ಮೂರನೆಯ ದಿನ: ಕ್ಯಾಮೆರಾಗಳ ಒಳಗೆ

ರೆಕಾರ್ಡರ್ ಆಗಿ ಮಗಳ ಹಳೆಯ ಡೆಸ್ಕ್‌ಟಾಪ್ ಸಿಕ್ಕಿತು. 8 ಜಿಬಿ ಮೆಮೊರಿ. ಹೊಸದಾಗಿ 4 ಟಿಬಿ ಹಾರ್ಡ್‌ಡಿಸ್ಕ್, ಎರಡನೆಯ ನೆಟ್‌ವರ್ಕ್ ಕಾರ್ಡ್ ಹಾಕಿದೆ. ಡೆಬಿಯನ್ 12, ಅದರ ಮೇಲೆ ಜೋನ್‌ಮೈಂಡರ್ 1.36. ಇದು ಕ್ಯಾಮೆರಾ ಚಿತ್ರ ನೋಡಿ ದಾಖಲಿಸುವ ಉಚಿತ, ತೆರೆದ ಮೂಲದ ತಂತ್ರಾಂಶ. ಫಿಲಿಪ್ ಕೂಂಬ್ಸ್ ಎಂಬವರು ತಮ್ಮ ಗ್ಯಾರೇಜಿನಿಂದ ಪವರ್ ಟೂಲ್‌ಗಳು ಕಳುವಾದ ಮೇಲೆ ಬರೆಯಲು ಶುರುಮಾಡಿದ್ದು. ಇದನ್ನು ಹೇಳಿದಾಗ ಮಾವನಿಗೆ ಆ ತಂತ್ರಾಂಶದ ಮೇಲೆ ಒಮ್ಮೆಗೇ ನಂಬಿಕೆ ಬಂತು. "ನಮ್ಮ ಹಾಗೇ ಕಳಕೊಂಡವ" ಎಂದರು.

ಹಳೆಯ ಡಬ್ಬಿಯಲ್ಲೇ ಬಳಕೆದಾರರನ್ನು ವಿಂಗಡಿಸಬಹುದಿತ್ತಲ್ಲ ಎಂದರೆ, ಹೌದು. ಆದರೆ ಅದರ ಪಾಸ್‌ವರ್ಡ್ ಮರೆತರೆ ಮರಳಿ ಪಡೆಯುವ ಇಮೇಲ್ ಹಾಕಿ ಹೋದವರದ್ದು, ಅವರ ಫೋನು ಈಗ ಹತ್ತುವುದಿಲ್ಲ. ಬೀಗದ ಕೈ ಬೇರೆಯವರ ಹತ್ತಿರ ಇರುವ ಮನೆಗೆ ಒಳಗಿನ ಕೋಣೆ ಬೀಗ ಹಾಕಿ ಏನು ಪ್ರಯೋಜನ.

ಎಲ್ಲ ಕ್ಯಾಮೆರಾಗಳನ್ನೂ ಎರಡನೆಯ ಕಾರ್ಡಿನ ಕಡೆ, 192.168.50 ಎಂಬ ಬೇರೆ ಜಾಲಕ್ಕೆ ಹಾಕಿದೆ. ಗೇಟಿಗೆ ಕೊನೆಯ ಅಂಕೆ 11, ಜಗಲಿಗೆ 12, ಹೀಗೆ 17ರವರೆಗೆ ಸ್ಥಿರ ವಿಳಾಸ. ಆ ಜಾಲಕ್ಕೆ ಇಂಟರ್‌ನೆಟ್ ದಾರಿಯೇ ಇಲ್ಲ. ಕ್ಯಾಮೆರಾ ಹೊರಗೆ ಮಾತಾಡುವ ಅಗತ್ಯ ಏನೂ ಇಲ್ಲ. ಕಂಪನಿಯ ಕ್ಲೌಡ್, ಯುಪಿಎನ್‌ಪಿ (ರೂಟರಿನಲ್ಲಿ ತಾನೇ ದಾರಿ ತೆರೆದುಕೊಳ್ಳುವ ಸೌಲಭ್ಯ) ಎರಡನ್ನೂ ಕ್ಯಾಮೆರಾದಲ್ಲೇ ಆಫ್ ಮಾಡಿದೆ.

ಪ್ರತಿ ಕ್ಯಾಮೆರಾದಲ್ಲೂ ಅಡ್ಮಿನ್ ಪಾಸ್‌ವರ್ಡ್ ಬೇರೆ ಬೇರೆ. ಅದರ ಜೊತೆಗೆ ನೋಡುವುದಕ್ಕಷ್ಟೇ ಅಧಿಕಾರ ಇರುವ ಇನ್ನೊಂದು ಬಳಕೆದಾರ ಖಾತೆ, ಅದು ಸರ್ವರಿಗಾಗಿ. ಜೋನ್‌ಮೈಂಡರ್ ಆರ್‌ಟಿಎಸ್‌ಪಿ (ವಿಡಿಯೊ ಹರಿಸುವ ವಿಧಾನ) ಮೂಲಕ 554ನೇ ಪೋರ್ಟಿನಲ್ಲಿ ಚಿತ್ರ ಕೇಳುವಾಗ ಈ ಹೆಸರನ್ನೇ ಕೊಡುತ್ತದೆ. ಬಹಳ ಜನ ಇಲ್ಲಿ ಅಡ್ಮಿನ್ ಹೆಸರನ್ನೇ ಹಾಕುತ್ತಾರೆ. ಆ ವಿಳಾಸ, ಪಾಸ್‌ವರ್ಡ್ ಸಮೇತ, ಸೆಟ್ಟಿಂಗ್ ಪುಟದಲ್ಲಿ ಹಾಗೇ ಕಾಣುತ್ತದೆ. ಆ ಪುಟ ನೋಡಲು ಸಿಕ್ಕವನಿಗೆ ಕ್ಯಾಮೆರಾದ ಯಜಮಾನಿಕೆಯೇ ಸಿಕ್ಕ ಹಾಗೆ.

ಗಡಿಯಾರ. ಈ ಸಲ ಇದಕ್ಕೆ ಅರ್ಧ ದಿನ ಕೊಟ್ಟೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಡೆಸ್ಕ್‌ಟಾಪಿಗೆ ಹೊಸ ಸಿಆರ್2032 ಸೆಲ್. ಕ್ರೋನಿ (ಗಡಿಯಾರ ಹೊಂದಿಸುವ ತಂತ್ರಾಂಶ) ಹಾಕಿ ಸರ್ವರ್ ಇಂಟರ್‌ನೆಟ್‌ನಿಂದ ಸಮಯ ಪಡೆಯುವಂತೆ, ಏಳೂ ಕ್ಯಾಮೆರಾಗಳು ಸರ್ವರನ್ನು ಕೇಳುವಂತೆ ಮಾಡಿದೆ. ಕ್ಯಾಮೆರಾಗಳ ಕಾಲವಲಯ 5:30ಕ್ಕೆ, ಪಿಎಚ್‌ಪಿ ಮತ್ತು ಜೋನ್‌ಮೈಂಡರಿನದು ಏಷ್ಯಾ/ಕೋಲ್ಕತ್ತಕ್ಕೆ. ಇಂಟರ್‌ನೆಟ್ ಎರಡು ದಿನ ಇಲ್ಲದಿದ್ದರೂ ಎಂಟೂ ಗಡಿಯಾರ ಒಟ್ಟಿಗೇ ನಡೆಯುತ್ತವೆ. ಪರೀಕ್ಷೆಗೆ ಮೇನ್ ಸ್ವಿಚ್ ಇಳಿಸಿ, ಯುಪಿಎಸ್ ವೈರನ್ನೂ ಕಿತ್ತು, ಒಂದು ಗಂಟೆ ಬಿಟ್ಟು ಮತ್ತೆ ಹಾಕಿದೆ. ರೈಟರ್ ತಮ್ಮ ಕೈಗಡಿಯಾರ ಹಿಡಿದು ಪರದೆಯ ಪಕ್ಕದಲ್ಲಿ ನಿಂತು ಸೆಕೆಂಡ್ ಸೆಕೆಂಡ್ ತಾಳೆ ನೋಡಿದರು. ಒಂದಲ್ಲ, ಮೂರು ಸಲ.

ಪ್ರತಿ ಕ್ಯಾಮೆರಾದಿಂದ ಎರಡು ಹರಿವು ತೆಗೆದುಕೊಂಡೆ. ದೊಡ್ಡದು 1920×1080, 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್), ಸೆಕೆಂಡಿಗೆ 12 ಚಿತ್ರ. ಸಣ್ಣದು 640×360. ಎರಡಕ್ಕೂ ವಿಡಿಯೊ ಕುಗ್ಗಿಸುವ ರೀತಿ ಎಚ್.264. ಎಚ್.265 ಜಾಗ ಉಳಿಸುತ್ತದೆ ನಿಜ, ಆದರೆ ಬ್ರೌಸರ್‌ಗಳಲ್ಲಿ ರಗಳೆ. ಜೋನ್‌ಮೈಂಡರಿನಲ್ಲಿ ಹರಿವಿಗೊಂದು ಮಾನಿಟರ್ (ಪರದೆಯಲ್ಲ, ಆ ಹರಿವಿನ ಸೆಟ್ಟಿಂಗುಗಳ ಕಟ್ಟು), ಒಟ್ಟು ಹದಿನಾಲ್ಕು. ಗೋಡೌನ್, ಕಣ, ಗೇಟು, ತೂಕ ಈ ನಾಲ್ಕರ ದೊಡ್ಡ ಹರಿವಿಗೆ 'ರೆಕಾರ್ಡ್', ಅಂದರೆ ಹಗಲೂ ರಾತ್ರಿ ಬಿಡದೆ ದಾಖಲು. ಉಳಿದ ಮೂರರ ದೊಡ್ಡ ಹರಿವಿಗೆ 'ನೋಡೆಕ್ಟ್', ಜೋಡಿಸಿದ ಸಣ್ಣ ಹರಿವಿನಲ್ಲಿ ಚಲನೆ ಕಂಡರೆ ಮಾತ್ರ ದಾಖಲು. ಸಣ್ಣ ಹರಿವುಗಳಿಗೆಲ್ಲ 'ಮೋಡೆಕ್ಟ್', ಅಂದರೆ ಚಲನೆ ಹುಡುಕುವ ಕೆಲಸ. ದೊಡ್ಡ ಹರಿವನ್ನು ಬಿಡಿಸಿ ನೋಡುವ ಕೆಲಸ ಬೇಡವೆಂದು ಅವುಗಳಲ್ಲಿ ಡಿಕೋಡಿಂಗ್ ಆಫ್, ವಿಡಿಯೊ ಬರೆಯುವುದು ಪಾಸ್‌ಥ್ರೂ (ಬಂದದ್ದನ್ನು ಬಂದ ಹಾಗೇ), ಜೆಪೆಗ್ ಚಿತ್ರ ಉಳಿಸುವುದು ಆಫ್. ನೇರ ನೋಟ ಬೇಕಾದವರಿಗೆ ಸಣ್ಣ ಹರಿವು. ಮುದುಕ ಪ್ರೊಸೆಸರ್ ಈಗ ಉಸಿರಾಡುತ್ತಿದೆ.

ಜಾಗದ ಲೆಕ್ಕ ಸುಲಭ. 2 ಎಂಬಿಪಿಎಸ್ ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾ ಎಂದರೆ 86.4 ಜಿಬಿ. 4 ಟಿಬಿಗೆ ಭಾಗಿಸಿದರೆ 46 ದಿನ, ಉಳಿದವುಗಳನ್ನೂ ಸೇರಿಸಿ ಸುಮಾರು ಒಂದು ತಿಂಗಳು ಎಂದು ಮಾವನಿಗೆ ಹೇಳಿದೆ. ಡಿಸ್ಕ್ ಶೇಕಡಾ 95 ತುಂಬಿದಾಗ ಹಳೆಯದನ್ನು ತೆಗೆಯುವ ಫಿಲ್ಟರ್ ಅದರಲ್ಲೇ ಇರುತ್ತದೆ.

ಆ ರಾತ್ರಿ ನಿದ್ದೆ ಕೆಡಿಸಿದ್ದು ನನ್ನದೇ ತಪ್ಪು. ಹಳೆಯ ಅಭ್ಯಾಸದಲ್ಲಿ ಪ್ರತಿ ಮಾನಿಟರಿಗೂ ಚಿತ್ರದ ಬಫರ್, ಅಂದರೆ ಮೆಮೊರಿಯಲ್ಲಿ ಹಿಡಿದಿಡುವ ಚಿತ್ರಗಳ ಸಂಖ್ಯೆ, 80 ಎಂದು ಕೊಟ್ಟಿದ್ದೆ. 1920×1080ರ ಒಂದು ಚಿತ್ರಕ್ಕೆ, ಚುಕ್ಕೆಗೆ 4 ಬೈಟ್ ಲೆಕ್ಕದಲ್ಲಿ, 8.3 ಎಂಬಿ. ಎಂಬತ್ತು ಚಿತ್ರ, ಏಳು ಕ್ಯಾಮೆರಾ: 4.6 ಜಿಬಿ. ಹಂಚಿಕೆಯ ಮೆಮೊರಿಗೆ ಡೆಬಿಯನ್ ಬಿಡುವುದು ಇರುವ ಮೆಮೊರಿಯ ಅರ್ಧ, ಇಲ್ಲಿ 4 ಜಿಬಿ. ಒಂದರ ಹಿಂದೆ ಒಂದು ಮಾನಿಟರ್ ಕೆಂಪಾದವು. ಬಫರನ್ನು 10ಕ್ಕೆ ಇಳಿಸಿದ ಮೇಲೆ ಹಸಿರು.

ನಲ್ಲಿಯ ಹತ್ತಿರದ ಕ್ಯಾಮೆರಾ

ಅದು ಲೈನ್ ಮನೆಗಳ ಮುಂದಿನ ನಲ್ಲಿಗೆ ಎದುರಾಗಿತ್ತು. ಜಗಳ, ಕುಡಿತ ತಿಳಿಯಲಿ ಎಂದು ಹಾಕಿಸಿದ್ದಂತೆ. ಚಿತ್ರದ ಬಲಬದಿಗೆ ಬಚ್ಚಲುಮನೆಯ ಬಾಗಿಲು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಹೆಣ್ಣುಮಕ್ಕಳು ನೀರು ಹಿಡಿಯೋ ಜಾಗ ಅದು. ಇಷ್ಟು ದಿನ ಇದನ್ನ ಯಾರ್ಯಾರು ಫೋನಲ್ಲಿ ನೋಡ್ತಿದ್ರು?" ಉತ್ತರ ಯಾರಿಗೂ ಗೊತ್ತಿಲ್ಲ, ಎಲ್ಲರೂ ಅಡ್ಮಿನ್ ತಾನೆ.

ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ಸೆರೆಹಿಡಿದರೆ ಐಟಿ ಕಾಯ್ದೆಯ 66ಇ ಕಲಮಿನಲ್ಲಿ ಮೂರು ವರ್ಷದ ತನಕ ಜೈಲು ಅಥವಾ ಎರಡು ಲಕ್ಷದ ತನಕ ದಂಡ, ಅಥವಾ ಎರಡೂ ಎಂದು ಮಾವನಿಗೆ ಹೇಳಿದೆ. ಕಾನೂನಿಗಿಂತ ಅತ್ತೆಯ ಮುಖ ಹೆಚ್ಚು ಕೆಲಸ ಮಾಡಿತು. ಕ್ಯಾಮೆರಾವನ್ನು ಬಿಚ್ಚಿ ಅದೇ ಕಂಬದಲ್ಲಿ ರಸ್ತೆಯ ಕಡೆಗೆ ತಿರುಗಿಸಿದೆವು. ಆದರೂ ಒಂದು ಮನೆಯ ಜಗಲಿಯ ತುದಿ ಚೌಕಟ್ಟಿನಲ್ಲಿ ಉಳಿಯಿತು.

ಇಲ್ಲೊಂದು ಗುಂಡಿ ಉಂಟು, ಬೀಳಬೇಡಿ. ಜೋನ್‌ಮೈಂಡರಿನಲ್ಲಿ 'ಪ್ರೈವೆಸಿ' ಎಂಬ ವಲಯ ಬಿಡಿಸಬಹುದು, ಆ ಭಾಗ ಕಪ್ಪಾಗುತ್ತದೆ. ನಾನೂ ಬಿಡಿಸಿದೆ. ನೇರ ನೋಟದಲ್ಲಿ ಕಪ್ಪು. ಸಮಾಧಾನದಿಂದ ಮುಂದೆ ಹೋಗುವವನಿದ್ದೆ. ಯಾಕೋ ದಾಖಲಾದ ವಿಡಿಯೊ ತೆರೆದು ನೋಡಿದರೆ ಜಗಲಿ ಢಾಳಾಗಿ ಕಾಣುತ್ತಿದೆ, ಒಣಹಾಕಿದ ಬಟ್ಟೆ ಸಮೇತ. ಪಾಸ್‌ಥ್ರೂನಲ್ಲಿ ಕ್ಯಾಮೆರಾ ಕಳಿಸಿದ್ದನ್ನು ಬಿಚ್ಚದೆ ಹಾಗೇ ಡಿಸ್ಕಿಗೆ ಬರೆಯುತ್ತದೆ, ಕಪ್ಪು ಬಳಿಯಲು ಅಲ್ಲಿ ಯಾರೂ ಇರುವುದಿಲ್ಲ. ಮರೆಮಾಡುವುದನ್ನು ಕ್ಯಾಮೆರಾದ ಒಳಗಿನ ಸೆಟ್ಟಿಂಗಿನಲ್ಲೇ ಮಾಡಬೇಕು. ಮಾಡಿ, ಎರಡೂ ಹರಿವಿನಲ್ಲಿ, ನೇರದಲ್ಲೂ ದಾಖಲೆಯಲ್ಲೂ ನೋಡಿದೆ. ಆಮೇಲೆ ಆ ಮನೆಯವರನ್ನೇ ಕರೆದು ತೋರಿಸಿದೆವು.

ನಾಲ್ಕನೆಯ ದಿನ: ಯಾರಿಗೆ ಏನು

ಜೋನ್‌ಮೈಂಡರ್ ಹಾಕಿದ ಕೂಡಲೇ ಲಾಗಿನ್ ಕೇಳುವುದೇ ಇಲ್ಲ, ಬಂದವರೆಲ್ಲ ಯಜಮಾನರು. ಆಯ್ಕೆಗಳಲ್ಲಿ ಸಿಸ್ಟಮ್ ಭಾಗಕ್ಕೆ ಹೋಗಿ ದೃಢೀಕರಣ ಆನ್ ಮಾಡಬೇಕು. ಮಾಡಿದಾಗ ಸಿಗುವ ಖಾತೆಯ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಕಾಫಿ ಕುಡಿದು ಬಂದು ಬದಲಿಸೋಣ ಎನ್ನಬಾರದು, ಆಗಲೇ ಬದಲಿಸಬೇಕು. ಲಾಗಿನ್ ಗುರುತನ್ನು ಗೂಢವಾಗಿಸುವ ಹ್ಯಾಶ್‌ಗೆ ಬೇಕಾದ ರಹಸ್ಯ ಪದವನ್ನೂ ಅಲ್ಲೇ ಕೊಡಬೇಕು.

ಪ್ರತಿ ಬಳಕೆದಾರನಿಗೆ ವಿಷಯವಾರು ಅಧಿಕಾರ: ಸ್ಟ್ರೀಮ್ (ನೇರ ನೋಟ), ಈವೆಂಟ್ಸ್ (ದಾಖಲಾದದ್ದು), ಕಂಟ್ರೋಲ್ (ಕ್ಯಾಮೆರಾ ತಿರುಗಿಸುವುದು), ಮಾನಿಟರ್ಸ್, ಗ್ರೂಪ್ಸ್, ಸಿಸ್ಟಮ್ ಹೀಗೆ. ಸಾಮಾನ್ಯವಾಗಿ ಮೂರು ಮೆಟ್ಟಿಲು: ಏನೂ ಇಲ್ಲ, ವ್ಯೂ, ಎಡಿಟ್. ಜೊತೆಗೆ ಈ ಬಳಕೆದಾರ ಯಾವ ಯಾವ ಮಾನಿಟರಿಗೆ ಸೀಮಿತ ಎಂಬ ಪಟ್ಟಿ. ಪುಟ ತೆರೆಯುವ ಮೊದಲು ಆಫೀಸಿನ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿದೆ. ನಿಮ್ಮ ಕೆಲಸಕ್ಕೆ ಏನು ಕಾಣಬೇಕು ಎಂದಷ್ಟೇ ಕೇಳಿದೆ.

ವಾಚರಿಗೆ ರಾತ್ರಿ ಗೇಟು, ಗೋಡೌನ್, ಕಣ, ಪಂಪ್‌ಹೌಸ್ ನೇರ ಕಾಣಬೇಕು. ಹಳೆಯದು ಬೇಡ. ಕಣದ ಕ್ಯಾಮೆರಾ ತಿರುಗಿಸಲೂಬೇಕು ಎಂದ. ಮಾವ ಒಪ್ಪಲಿಲ್ಲ, "ಇವ್ರು ತಿರುಗಿಸಿ ಹಲಸಿನ ಮರ ತೋರಿಸ್ತಾ ಬಿಟ್ಟಿರ್ತಾರೆ, ಕಣದಲ್ಲಿ ಕಾಫಿ ಇದ್ಯೋ ಇಲ್ವೋ ಗೊತ್ತಾಗಲ್ಲ." ವಾಚರ್ ನಿಧಾನಕ್ಕೆ ಹೇಳಿದ, "ಹಲಸು ಹಣ್ಣಾಗೋ ಹೊತ್ತಿಗೆ ಆನೆ ಬರೋದು ಆ ಮರಕ್ಕೇ ಸಾವ್ಕಾರ್ರೆ. ಅದು ಅಲ್ಲಿ ಇಲ್ಲ ಅಂತ ನೋಡಿಯೇ ನಾನು ಟಾರ್ಚ್ ಹಿಡಿದು ಹೊರಗೆ ಕಾಲಿಡೋದು." ಆ ಮೇಲೆ ಯಾರೂ ಮಾತಾಡಲಿಲ್ಲ. ವಾಚರಿಗೆ ಸ್ಟ್ರೀಮ್ ವ್ಯೂ, ಕಂಟ್ರೋಲ್ ವ್ಯೂ, ಈವೆಂಟ್ಸ್ ಏನೂ ಇಲ್ಲ. ನಾಲ್ಕು ಸಣ್ಣ ಮಾನಿಟರ್ ಮಾತ್ರ. ಯಾರೂ ಮುಟ್ಟದಿದ್ದರೆ ಐದು ನಿಮಿಷದಲ್ಲಿ ಕಣದ ಕಡೆಗೆ ತಾನೇ ಮರಳುವ ಸೌಲಭ್ಯ ಕ್ಯಾಮೆರಾದಲ್ಲಿತ್ತು, ಅದನ್ನು ಆನ್ ಮಾಡಿದೆ. ಹಲಸು, ಕೆರೆ ದಂಡೆ, ಕಣ ಮೂರಕ್ಕೂ ಒಂದೊಂದು ನಂಬರ್ ಕೊಟ್ಟೆ.

ಮೇಸ್ತ್ರಿಗೆ ಏನೂ ಬೇಡವಂತೆ. "ಕಣ ನನ್ನ ಕಣ್ಣೆದುರೇ ಉಂಟಲ್ಲ."

ಆಫೀಸಿನ ಟಿವಿಗೆ ಒಂದು ಪ್ರತ್ಯೇಕ ಖಾತೆ. ಸ್ಟ್ರೀಮ್ ವ್ಯೂ ಬಿಟ್ಟು ಉಳಿದದ್ದೆಲ್ಲ ಖಾಲಿ, ಎಪಿಐ (ಬೇರೆ ಆ್ಯಪ್‌ಗಳು ಒಳಬರುವ ದಾರಿ) ಆಫ್. ಟಿವಿ ಎಂದರೆ ಆಫೀಸಿಗೆ ಬಂದ ಲಾರಿ ಡ್ರೈವರನೂ ನೋಡುವ ವಸ್ತು, ಲೈನ್ ಮನೆ ಕಡೆಯ ಕ್ಯಾಮೆರಾ ಅದರಲ್ಲಿ ಬರಬಾರದು.

ರೈಟರಿಗೆ ಲೈನ್ ಮನೆಯದು ಬಿಟ್ಟು ಆರೂ ಕ್ಯಾಮೆರಾ, ಸ್ಟ್ರೀಮ್ ವ್ಯೂ, ಈವೆಂಟ್ಸ್ ವ್ಯೂ. ಎಡಿಟ್ ಇಲ್ಲ. ಕೊಯ್ಲಿನ ಕಾಲದಲ್ಲಿ ತೂಕದ ಬಗ್ಗೆ ತಕರಾರು ಬಂದರೆ ಹಳೆಯದನ್ನು ತೆಗೆದು ಕೂಲಿಯವರಿಗೂ ತೋರಿಸಬಹುದು. ಅದು ಎರಡೂ ಕಡೆಗೆ ಒಳ್ಳೆಯದು ಎಂದು ಅವರೇ ಹೇಳಿದರು.

ಇಲ್ಲಿ ಒಂದು ತೊಡಕು. ಜೋನ್‌ಮೈಂಡರಿನಲ್ಲಿ ಒಂದು ಘಟನೆಯನ್ನು 'ಆರ್ಕೈವ್' ಎಂದು ಗುರುತು ಹಾಕಿದರೆ ಡಿಸ್ಕ್ ತುಂಬಿದಾಗಿನ ಫಿಲ್ಟರ್ ಅದನ್ನು ಮುಟ್ಟುವುದಿಲ್ಲ. ಕಳ್ಳತನದ ವಿಡಿಯೊ ಉಳಿಸಲು ಇದೇ ದಾರಿ. ಆದರೆ ಆರ್ಕೈವ್ ಮಾಡಲು ಈವೆಂಟ್ಸ್ ಎಡಿಟ್ ಬೇಕು, ಅದೇ ಎಡಿಟ್‌ನಲ್ಲೇ ಅಳಿಸುವ ಅಧಿಕಾರವೂ ಬರುತ್ತದೆ. ಉಳಿಸಬಲ್ಲೆ, ಅಳಿಸಲಾರೆ ಎಂಬ ಮೆಟ್ಟಿಲು ಅದರಲ್ಲಿಲ್ಲ. ಇದು ಆ ತಂತ್ರಾಂಶದ ಕೊರತೆ ಎಂದೇ ನನ್ನ ಅಭಿಪ್ರಾಯ. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ರೈಟರ್ ಡ್ರಾಯರಿನಿಂದ ಹೊಸ ನೋಟ್‌ಬುಕ್ ತೆಗೆದು ಸ್ಕೇಲ್ ಇಟ್ಟು ಗೆರೆ ಹೊಡೆದರು: ತಾರೀಖು, ಗಂಟೆ, ಕ್ಯಾಮೆರಾ, ಘಟನೆಯ ನಂಬರು, ಏನು ಕಂಡಿತು, ಸಹಿ. ಉಳಿಸಬೇಕಾದ್ದನ್ನು ಅವರು ಪುಸ್ತಕದಲ್ಲಿ ಬರೆಯುವುದು, ಅತ್ತೆ ದಿನಕ್ಕೊಮ್ಮೆ ಆ ನಂಬರಿಗೆ ಆರ್ಕೈವ್ ಒತ್ತುವುದು. ಹಾಗಾಗಿ ಎಡಿಟ್ ಸಿಕ್ಕಿದ್ದು ಅತ್ತೆಗೆ. ಸಿಸ್ಟಮ್ ಎಡಿಟ್, ಅಂದರೆ ಬಳಕೆದಾರರನ್ನೇ ಬದಲಿಸುವ ಅಧಿಕಾರ, ಅವರಿಗೂ ಇಲ್ಲ.

ಮಾವನಿಗೂ ಇಲ್ಲ. ಇದಕ್ಕೆ ಅರ್ಧ ಗಂಟೆ ಮಾತಾಯಿತು. "ತೋಟ ನನ್ನದಲ್ವಾ?" ನಿಮ್ಮದೇ ಮಾವ, ದಿನಾ ನೋಡಲು ನೋಡುವ ಖಾತೆ ಸಾಕಲ್ಲ, ಫೋನು ಸಂತೆಯಲ್ಲಿ ಬಿದ್ದರೆ ತೋಟದ ಬೀಗದ ಕೈ ಬಿದ್ದ ಹಾಗೆ ಆಗುತ್ತದೆ ಎಂದೆ. ಕೊನೆಗೆ ಅಡ್ಮಿನ್ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿನ ಮೇಲೆ ಮಾವ ಅತ್ತೆ ಇಬ್ಬರೂ ಸಹಿ ಹಾಕಿ, ಕೋವಿಯ ಪರವಾನಗಿ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರು. ಕ್ಯಾಲೆಂಡರ್ ಹಾಳೆಯನ್ನು ಅತ್ತೆ ಹರಿದು ಒಲೆಗೆ ಹಾಕಿದರು.

ಮಗಳು ಬೆಂಗಳೂರಿನಿಂದ ನೋಡಲು ಪೋರ್ಟ್ ತೆರೆದಿಡಲಿಲ್ಲ. ತೋಟದ ಸಂಪರ್ಕಕ್ಕೆ ಸ್ವಂತ ಸಾರ್ವಜನಿಕ ವಿಳಾಸವೂ ಇಲ್ಲ. ಬಾಡಿಗೆಯ ಸಣ್ಣ ಸರ್ವರ್ ಒಂದರಲ್ಲಿ ವೈರ್‌ಗಾರ್ಡ್ (ಇಂಟರ್‌ನೆಟ್ ಮೇಲಿನ ಖಾಸಗಿ ಸುರಂಗದಾರಿ) ಇಟ್ಟು ತೋಟದ ಯಂತ್ರ ಮತ್ತು ಅವಳ ಫೋನು ಎರಡೂ ಅಲ್ಲಿಗೆ ಬಂದು ಸೇರುವಂತೆ ಮಾಡಿದೆ.

ಪರೀಕ್ಷೆ, ಮತ್ತು ನಾನು ಮಾಡಿದ ಎರಡು ತಪ್ಪು

ಅಡ್ಮಿನ್ ಆಗಿ ಕೂತು ಎಲ್ಲ ಸರಿ ಇದೆ ಎನ್ನುವುದು ಅಡುಗೆ ಮಾಡಿದವನೇ ರುಚಿ ಹೇಳಿದ ಹಾಗೆ. ಬ್ರೌಸರಿನ ಖಾಸಗಿ ಕಿಟಕಿ ತೆರೆದು ಒಬ್ಬೊಬ್ಬರ ಹೆಸರಿನಲ್ಲೂ ಒಳಗೆ ಹೋದೆ.

ಟಿವಿ ಖಾತೆಯಲ್ಲಿ ಲೈನ್ ಮನೆ ಕಡೆಯ ಕ್ಯಾಮೆರಾ ಕಾಣಿಸಿತು! ಪಟ್ಟಿ ತಪ್ಪಾಗಿದೆಯೆಂದು ಎಲ್ಲ ಆಯ್ಕೆಗಳನ್ನು ಒಮ್ಮೆ ತೆಗೆದು, ಮತ್ತೆ ಆರಿಸುವ ಮೊದಲೇ ಸೇವ್ ಒತ್ತಿದ್ದೆ. ಪಟ್ಟಿ ಖಾಲಿ ಇದ್ದರೆ 'ಯಾವುದೂ ಇಲ್ಲ' ಎಂದು ನಮ್ಮ ತಲೆಗೆ ಹೊಳೆಯುತ್ತದೆ. ಅದರ ಲೆಕ್ಕದಲ್ಲಿ ಖಾಲಿ ಎಂದರೆ 'ಮಿತಿ ಇಲ್ಲ', ಎಲ್ಲವೂ ಕಾಣುತ್ತದೆ. ಇದೊಂದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ.

ಎರಡನೆಯದು ರೈಟರ್ ಖಾತೆಯಲ್ಲಿ. ಗೋಡೌನ್ ನೇರ ಕಾಣುತ್ತದೆ, ಬಿಡದೆ ದಾಖಲಾದ ವಿಡಿಯೊ ಮಾತ್ರ ಇಲ್ಲ. ಸಣ್ಣ ಮಾನಿಟರನ್ನು ಆರಿಸಿದ್ದೆ, ದೊಡ್ಡದನ್ನು ಬಿಟ್ಟಿದ್ದೆ. ಒಂದು ಕ್ಯಾಮೆರಾಕ್ಕೆ ಎರಡು ಮಾನಿಟರ್ ಮಾಡಿದಾಗ ಪರ್ಮಿಷನ್ನೂ ಎರಡು ಕಡೆ. ರೈಟರ್ ಪಕ್ಕದಲ್ಲೇ ಇದ್ದರು. ಪರದೆ ಖಾಲಿ ಇದ್ದದ್ದನ್ನು ಕಂಡು ಅವರ ಮುಖ ಒಂದು ಕ್ಷಣ ಹೇಗಾಯಿತು ಎಂದು ನನಗಿನ್ನೂ ನೆನಪಿದೆ. "ಇದು ನನ್ನ ತಪ್ಪು, ನಿಮ್ಮದಲ್ಲ" ಎಂದು ದೊಡ್ಡ ದನಿಯಲ್ಲೇ ಹೇಳಿದೆ, ಒಳಗಿದ್ದ ಮಾವನಿಗೂ ಕೇಳಲಿ ಎಂದು.

ಈಗ ಯಾರು ಯಾವಾಗ ಒಳಗೆ ಬಂದರು ಎಂಬುದು ಲಾಗ್‌ನಲ್ಲಿ ಅವರವರ ಹೆಸರಿನಲ್ಲೇ ಬೀಳುತ್ತದೆ. ಯಾರಾದರೂ ಪರದೆಯ ಫೋಟೊವನ್ನು ತಮ್ಮ ಫೋನಿನಲ್ಲಿ ತೆಗೆದುಕೊಂಡರೆ ಅದನ್ನು ಯಾವ ಸೆಟ್ಟಿಂಗೂ ತಡೆಯದು. ಅದನ್ನು ಮೇಜಿನ ಸುತ್ತ ಕೂತಾಗಲೇ ಬಾಯಲ್ಲಿ ಹೇಳಿದ್ದೆ.

ಗೋಡೌನ್ ಕ್ಯಾಮೆರಾದ ಇನ್‌ಫ್ರಾರೆಡ್ ದೀಪವನ್ನು ಆಫ್ ಮಾಡಿ, ಬಾಗಿಲಿನ ಇನ್ನೊಂದು ಬದಿಗೆ ಬೇರೆ ಇನ್‌ಫ್ರಾರೆಡ್ ದೀಪ ಹಾಕಿದೆ. ಪುಟ್ಟ ಹುಳಗಳು ದೀಪಕ್ಕೆ ಮುತ್ತುತ್ತವೆ, ಜೇಡ ಹುಳಗಳಿಗಾಗಿ ಬಲೆ ಕಟ್ಟುತ್ತದೆ. ದೀಪ ದೂರ ಹೋದರೆ ಬಲೆಯೂ ದೂರ. ಮಂಜು ಕವಿದ ರಾತ್ರಿಯಲ್ಲೂ ಇದರಿಂದ ಚಿತ್ರ ಬೆಳ್ಳಗಾಗುವುದು ಕಡಿಮೆ. ಚಲನೆ ಗುರುತಿಸುವ ವಲಯಗಳನ್ನು ಬಿಡಿಸುವಾಗ ಸಿಲ್ವರ್ ಓಕಿನ ಕೊಂಬೆಗಳನ್ನು ಹೊರಗಿಟ್ಟೆ. ಇಲ್ಲದಿದ್ದರೆ ಗಾಳಿ ಬೀಸಿದಾಗಲೆಲ್ಲ ಕಳ್ಳ ಬಂದ ಲೆಕ್ಕ. ಪೊರಕೆಗೆ ಉದ್ದದ ಬಿದಿರು ಕಟ್ಟಿ, ವಾರಕ್ಕೊಮ್ಮೆ ಏಳೂ ಕ್ಯಾಮೆರಾದ ಮುಖ ಗುಡಿಸುವ ಕೆಲಸ ವಾಚರಿಗೆ.

ಜುಲೈ

ಮಳೆ ಹಿಡಿದು ಹತ್ತು ದಿನ ಆಗಿತ್ತು. ಕರೆಂಟ್ ಎಷ್ಟು ಸಲ ಹೋಯಿತೋ. ಬೆಳಿಗ್ಗೆ ಏಳಕ್ಕೆ ರೈಟರ್ ಫೋನು. "ಗೇಟಿಂದು ಆಕಾಶ ತೋರಿಸ್ತಾ ಉಂಟು."

ನಂಬರ್ ಕೇಳಿದೆ. ಪುಸ್ತಕ ಎದುರಲ್ಲೇ ಇತ್ತು, ಓದಿದರು: ಗಂಟೆ 3:12, ಕ್ಯಾಮೆರಾ ಗೇಟು, ಆನೆ 2, ಮರಿ 1. ಎಡಗಡೆ ಕಂಬಕ್ಕೆ ಮೈ ಉಜ್ಜಿದ್ದು, ಕಂಬ ವಾಲಿದ್ದು. ವಾಚರ್ ಒಳಗೇ ಇದ್ದ. ಸಹಿ. ಅತ್ತೆ ಆರು ಗಂಟೆಗೇ ಎದ್ದು ಆರ್ಕೈವ್ ಒತ್ತಿದ್ದಾರಂತೆ, ಬೆಂಗಳೂರಿನ ಮಗಳು ಆಗಲೇ ನಾಲ್ಕು ಸಲ ನೋಡಿಯಾಗಿದೆಯಂತೆ.

"ಗಂಟೆ ಸರಿ ಉಂಟು ತಾನೆ?" ಎಂದು ಕೇಳಿದೆ.

"ನನ್ನ ವಾಚಿಗೆ ತಾಳೆ ನೋಡಿಯೇ ಬರ್ದದ್ದು" ಎಂದರು. "ನೀವು ಬರುವಾಗ ಕಂಬಕ್ಕೆ ಒಂದು ಜಿಐ ಪೈಪ್ ತನ್ನಿ. ಜಿಗಣೆಗೆ ಸುಣ್ಣ ಇಲ್ಲೇ ಉಂಟು."